ಅಂಗೈಯಗಲದ ರೇಸ್ ಕಾರುಗಳು

ಊಟಿಯಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಸ್ ಓಡಿಸುತ್ತಿದ್ದೇನೆ. ಓಡಿಸುತ್ತೇನೆ ಅನ್ನುವುದು ಜಂಬದ ಮಾತು. ಮೂವತ್ತಾರು ತಿರುವುಗಳ ಆ ಇಳಿಜಾರಿನಲ್ಲಿ ಬಸ್ಸನ್ನು ಯಾರೂ ಓಡಿಸುವುದಿಲ್ಲ, ಅದು ತಾನಾಗಿ ಓಡಿಹೋಗದ ಹಾಗೆ ಹಿಡಿದುಕೊಂಡಿರುತ್ತಾರೆ. ಮೊದಲನೇ ಗೇರು, ಎರಡನೇ ಗೇರು, ಮತ್ತೆ ಮೊದಲನೇ ಗೇರು. ಮೂರನೇ ಗೇರು ಹಾಕುವ ಧೈರ್ಯವಂತರು ಬಹಳ ದಿನ ಕೆಲಸದಲ್ಲಿ ಉಳಿಯುವುದಿಲ್ಲ, ಲೋಕದಲ್ಲೂ ಉಳಿಯುವುದಿಲ್ಲ.

ಇಂಥ ನಾನು ರೇಸ್ ಕಾರುಗಳನ್ನು ಕೂಡಿಡುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನಿಲ್ಲಿಸುವುದಕ್ಕೆ ಜಾಗ ಎಲ್ಲಿದೆ ಎಂದು ಕೇಳುತ್ತಾರೆ. ಜಾಗಕ್ಕೇನು, ಒಂದೊಂದಕ್ಕೆ ಅಂಗೈಯಷ್ಟು ಸಾಕು. ನಿಜವಾದ ಕಾರನ್ನು ನಲವತ್ತಮೂರು ಪಾಲು ಕಿರಿದು ಮಾಡಿ, ಲೋಹದಲ್ಲಿ ಎರಕ ಹೊಯ್ದು, ಬಣ್ಣ ಬಳಿದು, ನಂಬರು ಬರೆದ ಮಾಡೆಲುಗಳು ಅವು. ನನಗೆ ಐವತ್ತು, ಅರವತ್ತರ ದಶಕದ ಕಾರುಗಳೇ ಆಗಬೇಕು. ಸುರುಟಿದ ಚುಟ್ಟದಂಥ ಮೈ, ಹೊರಕ್ಕೆ ಚಾಚಿದ ನಾಲ್ಕು ಚಕ್ರ, ನಡುವೆ ಒಬ್ಬ ಹುಚ್ಚ ಕೂರುವಷ್ಟು ತೂತು. ಆಗೆಲ್ಲ ಇಟಲಿಯವರದು ಕೆಂಪು ಕಾರು, ಇಂಗ್ಲೆಂಡಿನವರದು ಹಸಿರು, ಫ್ರಾನ್ಸಿನವರದು ನೀಲಿ, ಜರ್ಮನಿಯವರದು ಬೆಳ್ಳಿ. ಇವನ್ನೆಲ್ಲ ನಾನು ಕಲಿತದ್ದು ಮಸಿನಗುಡಿಯಲ್ಲಿ ಬಸ್ ತಿರುಗಿಸಿ, ಹೊರಡುವ ಹೊತ್ತಿಗೆ ಕಾಯುತ್ತಾ, ಫೋನಿನಲ್ಲಿ. ಬೇರೆ ಡ್ರೈವರುಗಳು ಆ ಹೊತ್ತಿನಲ್ಲಿ ನಿದ್ದೆ ಮಾಡಿ ಆರೋಗ್ಯವಾಗಿದ್ದಾರೆ.

ಈ ಹುಚ್ಚು ಹಿಡಿಸಿದವರು ಒಬ್ಬ ಮುದುಕರು. ಕಲ್ಲಟ್ಟಿ ಘಾಟಿಯ ದಾರಿಯ ಒಂದು ಹಟ್ಟಿಯವರು, ನೀಲಗಿರಿಯ ಬಡಗ ಜನಾಂಗದವರು. ಪ್ರತಿ ಬುಧವಾರ ಬೆಳಿಗ್ಗೆ ಬಸ್ ಹತ್ತಿ, ಊಟಿ ಮಾರ್ಕೆಟ್ಟಿಗೆ ಬೆಳ್ಳುಳ್ಳಿಯ ಚೀಲ ಒಯ್ಯುತ್ತಿದ್ದರು. ನಾನು ಅವರನ್ನು ತಾತ ಅನ್ನುತ್ತಿದ್ದೆ. ಅವರು ನನ್ನ ಹಿಂದಿನ ಸೀಟಿನಲ್ಲೇ ಕೂತು, ಅರ್ಧ ಬಡಗ ಅರ್ಧ ಕನ್ನಡದಲ್ಲಿ ನನ್ನ ಡ್ರೈವಿಂಗಿಗೆ ವ್ಯಾಖ್ಯಾನ ಹೇಳುತ್ತಿದ್ದರು.

"ಏನ ತಮ್ಮ, ಬಸ್ಸ ಓಡ್ಸಿಯ, ಎಮ್ಮೆ ಮೇಸಿಯ?"

"ತಾತ, ನಲವತ್ತು ಜೀವ ಇದಾವೆ ಹಿಂದೆ."

"ಎಂಗ ಎಸ್ಟೇಟು ದೊರೆಗ ಒಂದು ರೇಸು ಕಾರು ಇದ್ದತ್ತು. ಕೆಂಪು ಕಾರು. ನಾನೇ ಮೆಕಾನಿಕ್ಕು. ಅದು ಬೆಟ್ಟ ಹತ್ತುದ ನೋಡಿದ್ರ, ನಿನ್ನ ಬಸ್ಸ ನಾಚಿಕೆಲಿ ಗುಂಡಿಗ ಬೀಳುವ."

ಒಂದು ಬುಧವಾರ ಸಂಜೆ ಮಂಜಿನಲ್ಲಿ, ಊಟಿಯಿಂದ ಇಳಿಯುವಾಗ, ಇಪ್ಪತ್ತನೆಯ ತಿರುವಿನ ಹತ್ತಿರ, ಕೆಳಗಿನಿಂದ ಬಂದ ಒಬ್ಬ ಪ್ರವಾಸಿ ತನ್ನ ದೊಡ್ಡ ಕಾರನ್ನು ರಸ್ತೆಗೆ ಅಡ್ಡ ಹಾಕಿಕೊಂಡು, ಸ್ಟಿಯರಿಂಗ್ ತಬ್ಬಿಕೊಂಡು ಅಳುತ್ತಾ ಕೂತಿದ್ದ. ಹಿಂದೆ ಹೋಗಲು ಅವನಿಗೆ ಬರದು, ಮುಂದೆ ಬರಲು ಜಾಗವಿಲ್ಲ. ನಾನೇ ಬಸ್ಸನ್ನು ಹಿಂದಕ್ಕೆ, ಏರಿನಲ್ಲಿ, ಒಂದು ಪೂರಾ ತಿರುವು ಒಯ್ಯಬೇಕಾಯಿತು. ತಾತ ಇಳಿದು ಹಿಂದೆ ನಿಂತು, ಬಸ್ಸಿನ ಮೈ ತಟ್ಟುತ್ತಾ "ಬರಲಿ, ಬರಲಿ, ನಿಲ್ಲು!" ಎಂದು ಕೂಗಿದರು. ಹಿಂದಿನ ಚಕ್ರ ಮೋರಿಯ ಅಂಚಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಆ ಪ್ರವಾಸಿ ದಾಟಿಹೋದ, ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ತಾತ ಬಸ್ ಹತ್ತಿ, ಕೂತು, ತಮ್ಮ ಹಟ್ಟಿ ಬರುವ ತನಕ ನನ್ನ ಡ್ರೈವಿಂಗಿಗೆ ಒಂದು ವ್ಯಾಖ್ಯಾನವನ್ನೂ ಹೇಳಲಿಲ್ಲ.

ಮುಂದಿನ ಬುಧವಾರ ಒಂದು ಹಳೆಯ ಮಂಕಿ ಟೋಪಿಯನ್ನು ನನ್ನ ಮಡಿಲಿಗೆ ಹಾಕಿದರು. ಒಳಗೆ ಒಂದು ಪುಟ್ಟ ಕೆಂಪು ರೇಸ್ ಕಾರು.

"ಎಂಗ ದೊರೆಯ ಕಾರು ಇಂಥದೇ," ಅಂದರು. "ಮಡಗಿಕೊ."

"ಇಟಲಿಯದಾ ತಾತ?"

"ಇರ್ಲಿ ಬುಡು, ಬಸ್ಸ ಎತ್ತು."

ಈ 'ಇರ್ಲಿ ಬುಡು' ಎಂಬುದನ್ನು ನಾನು 'ಹೌದು' ಎಂದು ಅರ್ಥಮಾಡಿಕೊಂಡೆ. ಮನುಷ್ಯ ಮೋಸಹೋಗುವುದಕ್ಕೆ ಯಾವಾಗಲೂ ಇನ್ನೊಬ್ಬ ಬೇಕಾಗಿಲ್ಲ. ಫೋನಿನಲ್ಲಿ ಹುಡುಕಿ, ಅದು ಇಂಥದೇ ವರ್ಷದ ಇಂಥದೇ ಅಪರೂಪದ ಕಾರು ಎಂದು ನಾನೇ ತೀರ್ಮಾನಿಸಿ, ಆರು ವರ್ಷ ಅದನ್ನು ಗಾಜಿನ ಬೀರುವಿನ ನಡು ಅಂತಸ್ತಿನಲ್ಲಿ ಪಟ್ಟದ ದೇವರ ಹಾಗೆ ಕೂರಿಸಿದೆ. ಅದರ ಸುತ್ತ ಇನ್ನೂ ಮೂವತ್ತು ಕಾರುಗಳು ಬಂದು ಸೇರಿದವು.

ನನ್ನ ಹೆಂಡತಿ ಲೇಡೀಸ್ ಟೈಲರ್. ಮಾರ್ಕೆಟ್ಟಿನ ಹತ್ತಿರ ಸಣ್ಣ ಅಂಗಡಿ. ಊಟಿಯ ಚಳಿಗೆ ಹೆಂಗಸರು ಸ್ವೆಟರಿನೊಳಗೆ ಮುಚ್ಚಿಟ್ಟುಕೊಳ್ಳುವ ರವಿಕೆಗೆ ಅವಳು ನೂಲೆಳೆಯಷ್ಟು ತಪ್ಪಿಲ್ಲದ ಹಾಗೆ ತೋಳು ಕೂರಿಸುತ್ತಾಳೆ. ನನ್ನ ಕಾರುಗಳ ಬಗ್ಗೆ ಅವಳಿಗಿದ್ದ ಅಭಿಪ್ರಾಯ ಒಂದೇ.

"ರೀ, ಕುಡಿಯೋರ ಹೆಂಡ್ತೀರಿಗೆ ಹೇಳ್ಕೊಂಡು ಅಳೋಕಾದ್ರೂ ಆಗುತ್ತೆ. ನಾನು ಏನೂಂತ ಹೇಳ್ಕೊಳ್ಲಿ?"

ಎರಡು ವರ್ಷದ ಹಿಂದಿನ ನವರಾತ್ರಿಗೆ ಮೊದಲು, ತೆರೆದ ಕಿಟಕಿಯಿಂದ ಒಂದು ಮಂಗ ಒಳಗೆ ಬಂದು, ಬಿಸಿಲಿಗೆ ಹರವಿಟ್ಟಿದ್ದ ಬೊಂಬೆಗಳ ನಡುವೆ ಕೂತು, ಶೆಟ್ಟಿ ಮತ್ತು ಶೆಟ್ಟಿಯ ಹೆಂಡತಿಯನ್ನು ಅವರ ಅಂಗಡಿಯ ಸಮೇತ ಮಾಡಿನ ಮೇಲೆ ಒಯ್ದು, ತಿನ್ನಲು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಒಂದೊಂದಾಗಿ ಕೆಳಗೆ ಎಸೆಯಿತು. ಬೊಂಬೆಯ ಮೆಟ್ಟಿಲುಗಳಲ್ಲಿ ಕೆಳಗಿನದು ಖಾಲಿಯಾಯಿತು. ಹಬ್ಬದ ಮೊದಲ ದಿನ ನಾನು ಡ್ಯೂಟಿಯಿಂದ ಬರುವಷ್ಟರಲ್ಲಿ ಹೆಂಡತಿ ಅಲ್ಲಿ ಸಾಸಿವೆ ಮೊಳಕೆಯ ಹಸಿರು ಪಾರ್ಕು, ಮರಳಿನ ರಸ್ತೆ, ರಸ್ತೆಯ ಮೇಲೆ ನನ್ನ ಮೂವತ್ತೊಂದು ಕಾರುಗಳನ್ನು ಜೋಡಿಸಿದ್ದಳು. ಮೇಲಿನ ಮೆಟ್ಟಿಲಿನಿಂದ ರಾಜರಾಣಿಯರು ರೇಸ್ ನೋಡುತ್ತಿದ್ದರು.

ನಾನು ಕೂಗಾಡಿದೆ. ಅರಿಶಿನ ಕುಂಕುಮಕ್ಕೆ ಬಂದಿದ್ದ ಅಕ್ಕಪಕ್ಕದ ಹೆಂಗಸರು "ಎಷ್ಟು ಚೆನ್ನಾಗಿದೆ!" ಎಂದು ಬಾಯ್ತುಂಬ ಹೊಗಳುತ್ತಿದ್ದುದರಿಂದ ಕೂಗಾಟವನ್ನು ಅರ್ಧಕ್ಕೆ ನಿಲ್ಲಿಸಿ, ಯಾವ ಕಾರು ಯಾವ ದೇಶದ್ದು ಎಂದು ವಿವರಿಸತೊಡಗಿದೆ. ಹೊಗಳಿಕೆಗೆ ನನ್ನ ಸಿಟ್ಟು ಬಹಳ ಬೇಗ ಇಳಿಯುತ್ತದೆ.

ಅನಾಹುತ ಆದದ್ದು ಆಯುಧಪೂಜೆಯ ದಿನ. ನಾನು ಡಿಪೋದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು ಮನೆಗೆ ಬಂದರೆ, ನನ್ನ ತಾಯಿ ಅಷ್ಟೂ ಕಾರುಗಳ ಮೂತಿಗೆ ಗಂಧ ಹಚ್ಚಿ, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟು, ಒಂದೊಂದರ ಮುಂದಿನ ಚಕ್ರಕ್ಕೂ ನಿಂಬೆಹಣ್ಣಿನ ಚೂರು ಒತ್ತಿ ಕೂತಿದ್ದರು. ಎಂಬತ್ತು ದಾಟಿದ ಮುದುಕಿ, ಗುಂಡ್ಲುಪೇಟೆ ಕಡೆಯವರು.

"ಅವ್ವಾ! ಏನ್ ಮಾಡ್ಬುಟ್ಟೆ?"

"ಯಾಕಪ್ಪ? ಬಸ್ಸಿಗ್ ಮಾಡೀರಿ, ಲಾರಿಗ್ ಮಾಡೀರಿ, ಇವೇನ್ ಪಾಪ ಮಾಡಿದ್ದೊ? ಬೆನ್ನು ನೋಯ್ತಾ ಅದೆ ಕಣಪ್ಪ, ಮೂವತ್ತೊಂದಕ್ಕೂ ಇಕ್ಕಿ."

ಮೂವತ್ತನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕುಂಕುಮ ಹೋಯಿತು. ಜರ್ಮನಿಯ ಬೆಳ್ಳಿ ಕಾರಿನ ಮೂತಿಯ ಮೇಲೆ ಮಾತ್ರ ದುಂಡನೆಯ ಕಲೆ ಉಳಿಯಿತು. ಹೆಂಡತಿಗೆ ಒಳಗೊಳಗೇ ತಪ್ಪಿತಸ್ಥ ಭಾವನೆ. ಉಗುರಿನ ಬಣ್ಣ ತೆಗೆಯುವ ದ್ರವವನ್ನು ಹತ್ತಿಯಲ್ಲಿ ಅದ್ದಿ ಉಜ್ಜಿದಳು. ಕುಂಕುಮ ಹೋಯಿತು, ಜೊತೆಯಲ್ಲಿ ಬೆಳ್ಳಿ ಬಣ್ಣವೂ ಹೋಯಿತು. ಒಳಗಿನ ಲೋಹ ಬೋಳುಮಂಡೆಯ ಹಾಗೆ ಹೊಳೆಯಿತು, ಸುತ್ತ ಒಂದು ತೆಳು ಕೆಂಪು ಉಂಗುರ. ತಾಯಿ ನೋಡಿ "ಈಗ ಬೊಟ್ಟು ಲಕ್ಷಣವಾಗಿ ಕೂತ್ಕತು" ಅಂದರು.

ಅದಾದ ಹತ್ತು ದಿನಕ್ಕೆ ಕೊಯಮತ್ತೂರಿನಲ್ಲಿ ಇಂಥ ಕಾರು ಕೂಡಿಡುವವರದೊಂದು ಕೂಟವಿತ್ತು. ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ನಾನು ಮೊದಲ ಸಲ ಹೋಗುತ್ತಿದ್ದೆ. ಲೈನಿಂಗ್ ಬಟ್ಟೆ ಕೊಳ್ಳಬೇಕು ಎಂದು ಹೆಂಡತಿಯೂ ಬಂದಳು. ಊಟದ ಮೇಜುಗಳ ಮೇಲೆ ಕಪ್ಪು ಮಖಮಲ್ಲು ಹಾಸಿ, ಅದರ ಮೇಲೆ ಕಾರುಗಳು. ಸುತ್ತ ನನ್ನ ವಯಸ್ಸಿನ, ನನಗಿಂತ ಅನುಕೂಲಸ್ಥ ಗಂಡಸರು ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದರು. ಸಾವಿನ ಮನೆಯಲ್ಲೂ ಅಷ್ಟು ಮೌನವಿರುವುದಿಲ್ಲ.

ಅಲ್ಲಿಗೆ ದೊಡ್ಡವರು ಎಂದರೆ ಪಂಪ್‌ಸೆಟ್ ಕಾರ್ಖಾನೆಯ ಒಬ್ಬ ಯಜಮಾನರು. ಕೈಗೆ ಬಿಳಿ ಗ್ಲೌಸು, ಕಣ್ಣಿಗೆ ಭೂತಗನ್ನಡಿ. ನನ್ನ ಬೆಳ್ಳಿ ಕಾರನ್ನು ಎರಡು ಬೆರಳಲ್ಲಿ ಎತ್ತಿದರು.

"ಎನ್ನ ಸಾರ್, ಕಾರುಕ್ಕು ಪೊಟ್ಟು ವೆಚ್ಚಿರುಕ್ಕೀಂಗ?"

ಕಾರಿಗೆ ಬೊಟ್ಟು ಇಟ್ಟಿದ್ದೀರಲ್ಲ, ಎಂದು ಕೇಳುತ್ತಿದ್ದರು. ಸುತ್ತಲಿನವರು ನಕ್ಕರು. ನಾನು ಬಿಡಲಿಲ್ಲ. ಹಿಂದೊಮ್ಮೆ ಜರ್ಮನಿಯವರು ಭಾರ ಕಡಿಮೆ ಮಾಡಲು ಬಣ್ಣವನ್ನೇ ಕೆರೆದು ತೆಗೆದಿದ್ದರು ಎಂಬ ಕತೆಯಿದೆಯಲ್ಲ ಸಾರ್, ಅಂದೆ.

"ಇದೆ. ಅವರು ನೇಲ್ ಪಾಲಿಶ್ ರಿಮೂವರ್‌ನಿಂದ ಕೆರೆಯಲಿಲ್ಲ," ಅಂದರು. ಮೂಸಿ ನೋಡಿಯೇ ಕಂಡುಹಿಡಿದಿದ್ದರು; ಆ ಕೆಂಪು ಉಂಗುರವನ್ನು ಹೆಂಡತಿ ಅಂದು ಬೆಳಿಗ್ಗೆಯೂ ಒಂದು ಸಲ ಉಜ್ಜಿದ್ದಳು.

ಆಮೇಲೆ ತಾತನ ಕೆಂಪು ಕಾರನ್ನು ತೆಗೆದುಕೊಂಡು, ಮಗುಚಿ, ತಳ ನೋಡಿ, ಮೃದುವಾಗಿಯೇ ಹೇಳಿದರು. "ಸಾರ್, ಇದು ಮಾಡೆಲ್ ಅಲ್ಲ. ಎಂಥದೋ ಆಟಿಕೆ, ಅರದಿಂದ ಉಜ್ಜಿ ಆಕಾರ ಬದಲಿಸಿದ್ದಾರೆ. ಬಣ್ಣ ನೋಡಿ, ಗೇಟಿಗೆ ಬಳಿಯುವ ಪೈಂಟು. ಯಾರೋ ನಿಮಗೆ ಟೋಪಿ ಹಾಕಿದ್ದಾರೆ."

ಟೋಪಿಯಲ್ಲೇ ಇಟ್ಟು ಕೊಟ್ಟಿದ್ದರು ಎಂದು ಹೇಳುವ ಮನಸ್ಸಾಯಿತು. ಆರು ವರ್ಷ ಮಸಿನಗುಡಿಯ ಟೀ ಅಂಗಡಿಯಲ್ಲಿ ಈ ಕಾರಿನ ಬಗ್ಗೆ ನಾನು ಬಿಗಿದ ಭಾಷಣಗಳೆಲ್ಲ ನೆನಪಾದವು. ಕಾರುಗಳನ್ನು ಡಬ್ಬಿಗೆ ತುಂಬತೊಡಗಿದೆ. ಆಗ ನನ್ನ ಹೆಂಡತಿ ಯಜಮಾನರ ಮೇಜಿನ ಮೇಲಿದ್ದ, ಎಲ್ಲರೂ ಕೈಕಟ್ಟಿ ನೋಡುತ್ತಿದ್ದ ಹಸಿರು ಕಾರಿನ ಮುಂದೆ ನಿಂತಿದ್ದಳು.

"ಸಾರ್, ಇದರ ಮೇಲೆ ನಂಬರು ಬರೆದವರು ಯಾರು?" ಎಂದು ತಮಿಳಿನಲ್ಲಿ ಕೇಳಿದಳು.

"ಅದು ಕಂಪನಿಯಲ್ಲೇ ಬರೆದದ್ದಮ್ಮ. ಐವತ್ತು ವರ್ಷದ ಹಿಂದಿನ ಮಾಡೆಲ್. ಯಾರೂ ಮುಟ್ಟಿಲ್ಲ."

"ಎಡಗಡೆ ಏಳು ಬೇರೆ, ಬಲಗಡೆ ಏಳು ಬೇರೆ. ಬಲಗಡೆಯದರ ಸುತ್ತಲಿನ ಬಿಳೀ ದುಂಡು ಒಂದೆಳೆ ಸೊಟ್ಟ. ಒಂದನ್ನು ಕಂಪನಿಯವರು ಬರೆದಿದ್ದರೆ, ಇನ್ನೊಂದನ್ನು ಬೇರೆ ಯಾರೋ ಆಮೇಲೆ ಬರೆದಿದ್ದಾರೆ. ದಿನಾ ಒಂದೇ ಅಳತೆಗೆ ಎರಡು ತೋಳು ಹೊಲಿಯುವವಳು ಸಾರ್ ನಾನು."

ಯಜಮಾನರು ಭೂತಗನ್ನಡಿ ಹಿಡಿದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಎಡಕ್ಕೆ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತು, ನೀರು ಕೇಳಿದರು. ನಾವು ಬಂದುಬಿಟ್ಟೆವು. ಊಟಿಗೆ ಮರಳುವ ಬಸ್ಸಿನಲ್ಲಿ ಹೆಂಡತಿ "ಪಾಪ, ಹೇಳಬಾರದಿತ್ತು" ಅಂದಳು, ಅರ್ಧ ಗಂಟೆಗೆ ಒಂದು ಸಲದಂತೆ. ಪ್ರತಿ ಸಲವೂ ಅವಳ ಮುಖದಲ್ಲಿ ನಗು ಇತ್ತು.

ಬುಧವಾರ ತಾತ ಹತ್ತಿ ಕೂತ ಕೂಡಲೇ ಕೇಳಿದೆ.

"ತಾತ, ಆ ಕೆಂಪು ಕಾರು ಅಸಲಿ ಅಲ್ವಂತೆ?"

"ಯಾರು ಅಸಲಿ ಅಂದ್ರು? ನಾ ಅಂದಿನ?"

"ನೀವು ಅನ್ಲಿಲ್ಲ. ನಾನು ಅಂದ್ಕೊಂಡೆ."

"ದೊರೆಯ ಮಗ ಆಡಿ ಮುರಿದು ಬಿಸಾಕಿದ ಕಾರು ಅದು. ದೊರೆ ಎಸ್ಟೇಟು ಮಾರಿ, ರೇಸು ಕಾರ ಲಾರಿಲಿ ಹಾಕಿ ಒಯ್ದ ದಿನ, ನಂಗ ಮನಸ್ಸು ನಿಲ್ಲಲೆ. ಆ ಆಟದ ಕಾರ ತಂದು, ಅರ ಹಿಡಿದು, ಅದ್ರ ಆಕಾರ ಮಾಡಿದೆ. ಮೂರು ತಿಂಗಳು. ಫ್ಯಾಕ್ಟರಿ ಗೇಟುಗ ತಂದ ಪೈಂಟು ಮಿಕ್ಕಿತ್ತು, ಬಳಿದೆ." ಆಮೇಲೆ ನನ್ನ ಬೆನ್ನಿಗೆ ಬೆರಳಲ್ಲಿ ತಿವಿದರು. "ನಿನ್ನ ಬಸ್ಸ ಅಸಲಿಯ? ಬಾಡಿ ಕರೂರುಲಿ ಕಟ್ಟಿದ್ದು, ಇಂಜಿನು ಎರಡು ಸಲ ಬದ್ಲಿ, ಸೀಟು ಬೇರೆ ಬಸ್ಸಿಂದು. ನೀ ಓಡ್ಸಿಲ್ಲೆಯ?"

ಉತ್ತರ ಕೊಡಲು ಹೋಗಿ ಒಂದು ತಿರುವನ್ನು ಸ್ವಲ್ಪ ಅಗಲವಾಗಿ ತೆಗೆದುಕೊಂಡೆ. ಬೈಸಿಕೊಂಡೆ.

ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಕೆಂಪು ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಪಕ್ಕೆಯಲ್ಲಿದ್ದ ತಲೆಗೂದಲಿನಷ್ಟು ತೆಳುವಾದ ಬಿಳಿ ಗೆರೆಯನ್ನು ಬಹಳ ಹೊತ್ತು ನೋಡಿದಳು. "ಗೇಟಿನ ಪೈಂಟಲ್ಲಿ ಇಷ್ಟು ಸಣ್ಣ ಗೆರೆ ಹೇಗೆ ಎಳೆದರು? ನನಗೆ ಆ ತಾತನ್ನ ನೋಡಬೇಕು."

ಭಾನುವಾರ ಹಟ್ಟಿಗೆ ಹೋದೆವು. ತಾತ ಒಳಗಿನಿಂದ ಒಂದು ಬ್ರಷ್ಷು ತಂದು ತೋರಿಸಿದರು. ತಾವೇ ಮಾಡಿದ್ದು. ಕೂದಲು ಎಮ್ಮೆಯ ಕಿವಿಯೊಳಗಿನದು.

"ಅದುಗಿಂತ ಸಣ್ಣ ಕೂದಲು ಬೇರೆ ಇಲ್ಲೆ. ಬೇಕಾದ್ರ ಈಗ್ಲೆ ಮಾಡಿಕೊ, ಎಮ್ಮೆ ಅಲ್ಲಿ ಕಟ್ಟಿದ್ದ."

ಹೆಂಡತಿಯ ಕೈಯಲ್ಲಿ ಕತ್ತರಿ, ತಾತನ ಬಾಯಲ್ಲಿ ಉಪದೇಶ, ಎಮ್ಮೆಯ ಕೊಂಬು ನನ್ನ ಕೈಯಲ್ಲಿ. ಘಾಟಿಯಲ್ಲಿ ಆನೆಗೆ ದಾರಿ ಬಿಟ್ಟುಕೊಟ್ಟು ಅಭ್ಯಾಸವಾದವನಿಗೆ ಎಮ್ಮೆ ಏನು ಮಹಾ ಅಂದುಕೊಂಡೆ. ಕಿವಿಯೊಳಗೆ ಕತ್ತರಿ ಸೋಕಿದ ಕೂಡಲೇ ಅದು ತಲೆ ಒದರಿತು. ನಾನು ಸಗಣಿಯಲ್ಲಿ ಕೂತೆ. "ಬಂತು, ಬಂತು!" ಎಂದು ಹೆಂಡತಿ ಕೂಗಿದ್ದು ಕೂದಲಿನ ಬಗ್ಗೆ. ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾ ಒಳಗೆ ಹೋದರು. ನನ್ನನ್ನು ಎಬ್ಬಿಸಲು ಯಾರೂ ಬರಲಿಲ್ಲ.

ಅಲ್ಲಿಂದ ಮೂರು ತಿಂಗಳು ತಾತನ ಬುಧವಾರಗಳು ಬದಲಾದವು. ಬೆಳ್ಳುಳ್ಳಿ ಇಳಿಸಿ ನೇರ ಟೈಲರ್ ಅಂಗಡಿಗೆ. ಹೆಂಡತಿ ರವಿಕೆಯ ಗುಂಡಿಗಳ ಮೇಲೆ ಅಂಕಿ ಬರೆದು ಕಲಿತಳು. ಡಬ್ಬಿ ತುಂಬ ಬಿಳಿ ಗುಂಡಿಗಳು, ಒಂದೊಂದರ ಮೇಲೆ ಒಂದೊಂದು ಏಳು. "ಉಸಿರ ಬುಟ್ಟ ಮೇಲೆ ಬರೆ, ಹಿಡಿದುಕೊಂಡು ಬರೆಬೇಡ" ಎಂದು ತಾತ ಹೇಳುತ್ತಿದ್ದರಂತೆ. ಒಬ್ಬ ಗಿರಾಕಿಯ ರವಿಕೆಗೆ ತಪ್ಪಿ ಆ ಗುಂಡಿಗಳೇ ಹೋಗಿ, ಆಕೆ ಏಳು ನಂಬರಿನ ರವಿಕೆ ತೊಟ್ಟು ಮದುವೆಗೆ ಹೋಗಿಬಂದದ್ದೂ ಆಯಿತು. ಬೆಳ್ಳಿ ಕಾರಿನ ಬೋಳುಮಂಡೆಗೆ ಬಣ್ಣ ಬಂದ ದಿನ, ಕಲೆ ಎಲ್ಲಿತ್ತು ಎಂದು ನನಗೇ ಹುಡುಕಲಾಗಲಿಲ್ಲ. ನಾನು ಅದರ ಫೋಟೊ ತೆಗೆದು, ಒಂದು ಅಕ್ಷರವೂ ಬರೆಯದೆ, ಕೊಯಮತ್ತೂರಿನ ಯಜಮಾನರಿಗೆ ಕಳಿಸಿದೆ. ಸಣ್ಣತನವೇ. ಒಪ್ಪಿಕೊಳ್ಳುತ್ತೇನೆ.

ಎರಡು ದಿನ ಬಿಟ್ಟು ಫೋನು ಬಂತು.

"ಸಾರ್ ನಮಸ್ಕಾರ. ಮೇಡಂ ಇದ್ದಾರಾ?"

"ನಾನೇ ಮಾತಾಡೋದು ಸಾರ್, ಹೇಳಿ."

"ಇಲ್ಲ ಸಾರ್, ಮೇಡಂ ಹತ್ತಿರವೇ ಮಾತಾಡಬೇಕು."

ಯಜಮಾನರ ಹಸಿರು ಕಾರು ಒಂದರೊಳಗೊಂದು ಮೂರು ಡಬ್ಬಿಗಳಲ್ಲಿ ಕೊರಿಯರಿನಲ್ಲಿ ಬಂತು. ಹೆಂಡತಿ ಅದನ್ನು ಹನ್ನೊಂದು ದಿನ ಮುಟ್ಟಲಿಲ್ಲ, ಬರೀ ನೋಡಿದಳು. ಹನ್ನೆರಡನೆಯ ದಿನ, ಅಂಗಡಿಯ ಬಾಗಿಲು ಅರ್ಧ ಎಳೆದು, ಬಲಗಡೆಯ ಏಳನ್ನು ಅಳಿಸಿ ಬರೆದಳು. ಆ ಅರ್ಧ ಗಂಟೆ ನನಗೂ ತಾತನಿಗೂ ಹೊರಗೆ ನಿಲ್ಲುವ ಶಿಕ್ಷೆ. ಹೆರಿಗೆ ವಾರ್ಡಿನ ಹೊರಗೆ ನಿಂತವರ ಹಾಗೆ ನಿಂತಿದ್ದೆವು. ತಾತ ಬೀಡಿ ಹಚ್ಚಿ, ಸೇದುವುದನ್ನೇ ಮರೆತರು.

ಈಗ ಅಂಗಡಿಯ ಒಂದು ಕಪಾಟು ತುಂಬ ಪರವೂರಿನ ಕಾರುಗಳು. ಅವಳು ಮಾಡುವುದು ನಂಬರು, ಗೆರೆ. ತಾತನದು ಚಕ್ರ, ಅಚ್ಚು. ನನಗೆ ಪ್ಯಾಕಿಂಗ್ ಕೆಲಸ ಕೊಟ್ಟಿದ್ದಾರೆ, ಅದರಲ್ಲೂ ತಪ್ಪು ಹಿಡಿಯುತ್ತಾರೆ.

ಈ ವರ್ಷದ ಕೂಟಕ್ಕೆ ಯಜಮಾನರು ಮೂವರನ್ನೂ ಕರೆದರು. ತಾತ ಬಿಳಿ ಪಂಚೆ, ಬಿಳಿ ರುಮಾಲು, ಮೇಲೊಂದು ಕೋಟು ಹಾಕಿಕೊಂಡು ಬಂದರು. ಹಾಲಿನಲ್ಲಿ ಅದೇ ಮಖಮಲ್ಲು, ಅದೇ ಸಾವಿನ ಮನೆ ಮೌನ. ಯಜಮಾನರು ಹೊಸದಾಗಿ ತರಿಸಿದ್ದ ಒಂದು ಕಾರನ್ನು ತಾತನ ಮುಂದಿಟ್ಟು, ಗೌರವದಿಂದ ಅಭಿಪ್ರಾಯ ಕೇಳಿದರು. ತಾತ ಅದನ್ನು ಬರಿಗೈಯಲ್ಲೇ ಎತ್ತಿದರು. ಯಾರೋ "ಅಯ್ಯೋ" ಅಂದರು. ತಾತ ಅದನ್ನು ಮೂಸಿ ನೋಡಲಿಲ್ಲ, ತಳ ನೋಡಲಿಲ್ಲ. ಮೇಜಿನ ಮೇಲಿಟ್ಟು ಒಂದು ಸಲ ಜೋರಾಗಿ ತಳ್ಳಿದರು. ಕಾರು ಮಖಮಲ್ಲಿನ ಮೇಲೆ ಒಂದು ಗೇಣು ಹೋಗಿ ಬಲಕ್ಕೆ ತಿರುಗಿ ನಿಂತಿತು.

"ಅಚ್ಚು ಸೊಟ್ಟ," ಅಂದರು ತಾತ. "ಈ ಬಟ್ಟೆ ತೆಗಿ, ಸರಿಯಾಗಿ ನೋಡುವ."

ಏನಾಗುತ್ತಿದೆ ಎಂದು ಯಾರಿಗೂ ಅರ್ಥವಾಗುವ ಮೊದಲೇ ಯಜಮಾನರು ತಾವೇ ಮಖಮಲ್ಲನ್ನು ಎಳೆದು ಹಾಕಿದರು. ಆಮೇಲೆ ಊಟದ ಮೇಜಿನ ಒಂದು ಬದಿಯ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಇಳಿಜಾರು ಮಾಡಿದವರು ಯಾರೋ, ಈಗ ಎಲ್ಲರೂ ತಾನಲ್ಲ ಅನ್ನುತ್ತಾರೆ. ಮೊದಲು ಎರಡು ಕಾರು ಬಿಟ್ಟರು. ಆಮೇಲೆ ನಾಲ್ಕು. ಕೆಳತುದಿಯಲ್ಲಿ ನನ್ನ ಹೆಂಡತಿ ಸೆರಗು ಒಡ್ಡಿ ನಿಂತು ಬೀಳುವುದನ್ನೆಲ್ಲ ಹಿಡಿಯುತ್ತಿದ್ದಳು. ಯಜಮಾನರು ಗ್ಲೌಸು ಬಿಚ್ಚಿ ಜೇಬಿಗೆ ತುರುಕಿ, ಹಸಿರು ಕಾರನ್ನು ತಾವೇ ಬಿಟ್ಟು, ಅದು ಗೆದ್ದಾಗ "ಡೇಯ್!" ಎಂದು ಕಿರುಚಿದರು. ನನ್ನ ನೀಲಿ ಕಾರು ನಡು ದಾರಿಯಲ್ಲಿ ಅಡ್ಡ ತಿರುಗಿ, ಪಕ್ಕದವರ ಕಾರಿಗೆ ಗುದ್ದಿ, ನೆಲಕ್ಕೆ ಬಿದ್ದು, ಒಂದು ಚಕ್ರ ಕಳಚಿಕೊಂಡಿತು. ನಾನು ಮಂಡಿಯೂರಿ ಮೇಜಿನ ಕೆಳಗೆ ಚಕ್ರ ಹುಡುಕುತ್ತಿದ್ದಾಗ ಅಡುಗೆಯವರು ಎಲೆ ಹಾಕಲು ಬಂದರು. ಮೇಜು ಕೊಡಿ ಎಂದು ಕೇಳಿದರು. ಯಾರೂ ಕೊಡಲಿಲ್ಲ. ಅವರೂ ಸೌಟು ಹಿಡಿದು ನಿಂತು ನೋಡಿದರು.

ಅಂದು ನಾವು ಊಟಕ್ಕೆ ಕೂತಾಗ ಮೂರೂವರೆ. ಸಾಂಬಾರು ತಣ್ಣಗಾಗಿತ್ತು, ಎರಡೆರಡು ಸಲ ಹಾಕಿಸಿಕೊಂಡೆವು.